ಕಣದ ಹಾಡುಗಳು ಎಲ್ಲಿ ಹೋದವು?

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಊರ ಜಾನಪದದ ಬಗ್ಗೆ ನಾಲ್ಕು ಮಾತು ಬರೀರಿ ಎಂದು ಹಿರಿಯರು ಅಪ್ಪಣೆ ಕೊಟ್ಟಾಗ ನಮಗೆ ಮೊದಲು ನೆನಪಾದದ್ದು ಹಂತಿ. ಈಗಿನ ಹುಡುಗರಿಗೆ ಆ ಶಬ್ದವೇ ಹೊಸದು. ಆದ್ದರಿಂದ ಅಲ್ಲಿಂದಲೇ ಸುರು ಮಾಡುತ್ತೇವೆ.

ಸುಗ್ಗಿಯಲ್ಲಿ ಕಣ ಮಾಡಿ, ಸಗಣಿಯಿಂದ ಸಾರಿಸಿ, ನಟ್ಟನಡುವೆ ಮೇಟಿ ನೆಡುತ್ತಿದ್ದರು. ಆ ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ ಜೋಳದ ತೆನೆಯ ಮೇಲೆ ತಿರುಗಿಸುವುದೇ ಹಂತಿ. ಒಂದು ಮನೆಯ ಒಂದು ಜೋಡಿಯಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಕಣಕ್ಕ ನಮ್ಮ ಎತ್ತು, ನಾಳೆ ನಮ್ಮ ಕಣಕ್ಕ ನಿಮ್ಮವು. ಅದಕ್ಕ ಮುಯ್ಯಿ ಅಂತಿದ್ದರು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ರಿಜಿಸ್ಟರ್ ಆಗದ ಸಹಕಾರ ಅದಕ್ಕೂ ಮೊದಲೇ ಕಣದಾಗ ಇತ್ತು.

ಹಂತಿ ಬಹಳಮಟ್ಟಿಗೆ ರಾತ್ರಿಯ ಕೆಲಸ. ನಿದ್ದಿ ಬರಬಾರದು, ಎತ್ತು ನಿಲ್ಲಬಾರದು. ಒಬ್ಬ ನುಡಿ ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ದೇವರ ಸ್ತುತಿ, ಶರಣರ ಕಥೆ, ಎತ್ತಿನ ಹೊಗಳಿಕೆ ಎಲ್ಲಾ ಬರುತ್ತಿತ್ತು. ಎತ್ತಿನ ನಡಿಗೆ ಹೇಗೋ ಹಾಡಿನ ನಡಿಗೆಯೂ ಹಾಗೆ.

ನಮ್ಮ ಭಾಗದ ಹಾಡು ಕಾಗದಕ್ಕೆ ಇಳಿದದ್ದು ಇಂದು ನಿನ್ನೆ ಅಲ್ಲ. ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅದರಲ್ಲಿತ್ತು. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದವರೂ ಇಂಗ್ಲಿಷರೇ, ಅವನ ಹಾಡು ಬರೆದಿಟ್ಟವನೂ ಇಂಗ್ಲಿಷನೇ! ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಡಾ. ಬಿ.ಎಸ್. ಗದ್ದಗಿಮಠರು ಜಾನಪದ ಗೀತೆಗಳ ಮೇಲೆ ಪ್ರಬಂಧ ಬರೆದು 1955ರಲ್ಲಿ ಡಾಕ್ಟರೇಟ್ ಪಡೆದರು. ಹಳ್ಳಿಯ ದಾಟಿಯಲ್ಲೇ ಕವಿತೆ ಕಟ್ಟಿದ ಆನಂದಕಂದರನ್ನೂ ಇಲ್ಲಿ ನೆನೆಯಬೇಕು. (ಬೆಟಗೇರಿ ಕೃಷ್ಣಶರ್ಮರು ನಿಮ್ಮೂರವರೇನ್ರಿ ಎಂದು ಕೇಳುವವರಿದ್ದಾರೆ. ಅವರ ಬೆಟಗೇರಿ ಗೋಕಾಕ ತಾಲೂಕಿನದು, ನಮ್ಮದು ಉಪ್ಪಿನಬೆಟಗೇರಿ.) 2011ರಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಆಯಿತು.

ಇಷ್ಟಾದರೂ ಪುಸ್ತಕದಲ್ಲಿ ಉಳಿದದ್ದು ನುಡಿ. ದಾಟಿ ಹಾಡುವವರ ಕೊರಳಲ್ಲೇ ಇತ್ತು. ಗಿರಣಿ ಬಂದು ಬೀಸುಕಲ್ಲಿನ ಪದ ನಿಂತಿತು. ಟ್ರ್ಯಾಕ್ಟರ್, ರಾಶಿ ಮಶೀನು ಬಂದು ಹಂತಿ ನಿಂತಿತು. ಮಶೀನಿಗೆ ಸಾಲ ಕೊಟ್ಟವರು ಯಾರು? ನಮ್ಮಂಥ ಸಂಘಗಳೇ. ಅದು ತಪ್ಪೆಂದು ನಾವು ಹೇಳುವುದಿಲ್ಲ. ರಾತ್ರಿಯಿಡೀ ಎತ್ತಿನ ಹಿಂದೆ ತಿರುಗಿದವರಿಗೇ ಆ ದಣಿವು ಗೊತ್ತು. ತಿರುಗಿ ತಿರುಗಂತ ಅವರಿಗೆ ಹೇಳಲು ನಾವ್ಯಾರು? ಆದರೆ ಸಾಲದ ಲೆಕ್ಕ ಬರೆದಿಟ್ಟ ನಾವು ಹಾಡಿನ ಲೆಕ್ಕ ಬರೆಯಲಿಲ್ಲ, ಅಷ್ಟೆ.

ಲಾಭದೊಳಗಿನ ಒಂದು ಪಾಲು ತೆಗೆದಿಟ್ಟು, ಹಂತಿ ಹಾಡು ಬಲ್ಲ ಅಜ್ಜಂದಿರನ್ನು, ಬೀಸುವ ಪದ ಬಲ್ಲ ಅಮ್ಮಗಳನ್ನು ಕರೆಸಿ, ಗೌರವಧನ ಕೊಟ್ಟು, ದಾಟಿ ಸಮೇತ ಧ್ವನಿಮುದ್ರಣ ಮಾಡಿಸಬೇಕೆಂದು ಸರ್ವಸಾಧಾರಣ ಸಭೆಯ ಮುಂದೆ ಇಡುತ್ತಿದ್ದೇವೆ. ಬರುವ ಸುಗ್ಗಿಯಲ್ಲಿ ಒಂದು ರಾತ್ರಿಯಾದರೂ ಗೋದಾಮಿನ ಮುಂದಿನ ಬಯಲಿನಲ್ಲಿ ಹಂತಿ ಹೂಡುವ ವಿಚಾರವೂ ಇದೆ. ಹಾಡುವವರು ಸಿಕ್ಕಾರು. ಮೇಟಿ ಸುತ್ತ ತಿರುಗಲು ಪಳಗಿದ ಎತ್ತುಗಳನ್ನು ಹೊಂದಿಸುವುದೇ ಈಗ ಕಷ್ಟ. ಅಂಥ ಎತ್ತು ಇದ್ದವರು ಸಂಘದ ಕಚೇರಿಗೆ ಬಂದು ಹೆಸರು ಹಚ್ಚಬೇಕು.