ಒಡೆಯದೆ ಕಾಂಕ್ರೀಟನ್ನು ಅರಿಯುವ ಬಗೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡುತ್ತಾರೆ. ನಾದ ಸರಿಯಿದ್ದರೆ ಮಡಕೆ ಗಟ್ಟಿ. ಇಲ್ಲವಾದರೆ ಎಲ್ಲೋ ಸೀಳಿದೆ ಎಂದು ಲೆಕ್ಕ. ಕಾಂಕ್ರೀಟಿನ ಕಂಬವನ್ನು ಹೀಗೆ ಬಡಿದು ತಿಳಿಯುವ ವಿದ್ಯೆ ಎಂಜಿನಿಯರುಗಳಿಗೆ ಒಲಿದದ್ದು ಮಾತ್ರ ಬಹಳ ತಡವಾಗಿ.

ಕಬ್ಬಿಣ ಹುದುಗಿಸಿದ ಸಿಮೆಂಟಿನ ಗಿಡದ ತೊಟ್ಟಿಗಳಿಗೆ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಪೇಟೆಂಟ್ ಪಡೆದದ್ದು 1867ರಲ್ಲಿ. ಮುಂದೆ ಅದೇ ಉಪಾಯದಿಂದ ಸೇತುವೆ, ಕಾರ್ಖಾನೆ, ಮನೆಗಳು ಎದ್ದವು. ಅವುಗಳ ಬಲ ತಿಳಿಯಲು ಇದ್ದ ದಾರಿ ಒಂದೇ: ಅದೇ ಕಾಂಕ್ರೀಟನ್ನು ಅಚ್ಚಿಗೆ ತುಂಬಿ, 28 ದಿನ ನೀರುಣಿಸಿ, ಯಂತ್ರದಲ್ಲಿ ಅದುಮಿ ಪುಡಿಮಾಡುವುದು. ಆದರೆ ಅಚ್ಚಿನ ತುಂಡು ಮುದ್ದಿನ ಮಗು. ಕಂಬಕ್ಕೆ ಅಂಥ ಆರೈಕೆ ಎಲ್ಲಿ? ಮಳೆಯಲ್ಲಿ, ಅವಸರದಲ್ಲಿ, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಸುರಿದ ಕಾಂಕ್ರೀಟಿನ ಬಗ್ಗೆ ಆ ತುಂಡು ಏನನ್ನೂ ಹೇಳದು.

1940ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಅರ್ನ್ಸ್ಟ್ ಸ್ಮಿತ್ ಕೈಯಲ್ಲಿ ಹಿಡಿಯುವಂಥ ಸುತ್ತಿಗೆಯೊಂದನ್ನು ರೂಪಿಸಿದರು. ಒಳಗೆ ಸ್ಪ್ರಿಂಗು, ಒಂದು ಗುಂಡು. ಅದು ಬಡಿದು ಎಷ್ಟು ಹಿಂದಕ್ಕೆ ಪುಟಿಯಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ಕಲ್ಲುಚಪ್ಪಡಿಯ ಮೇಲೆ ಚೆಂಡು ಹೆಚ್ಚು ಪುಟಿಯುತ್ತದೆ, ಮಣ್ಣಿನ ನೆಲದಲ್ಲಿ ಕಡಿಮೆ, ತತ್ತ್ವ ಇಷ್ಟೇ. ಅಗ್ಗವೂ ಹಗುರವೂ ಆದ್ದರಿಂದ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಆದರೆ ಸುತ್ತಿಗೆ ಮುಟ್ಟುವುದು ಚರ್ಮವನ್ನು ಮಾತ್ರ. ಗಾಳಿಯ ಇಂಗಾಲಾಮ್ಲ ಹೀರಿದ ಹಳೆಯ ಕಾಂಕ್ರೀಟಿನ ಮೈ ಗಡುಸಾಗಿ, ಇಲ್ಲದ ಬಲವನ್ನು ತೋರಿಸಿಬಿಡುತ್ತದೆ. ಇದರಿಂದ ಅಂದಾಜು ಮಾಡಿದ ಬಲ ಶೇಕಡಾ 25ರಷ್ಟು ಆಚೀಚೆ ಇರಬಹುದೆಂದು 1992ರ ಭಾರತೀಯ ಮಾನಕವೇ ಎಚ್ಚರಿಸಿತ್ತು.

ಒಳಗನ್ನು ಕೇಳುವ ಉಪಾಯ ಕೆನಡಾದಿಂದ ಬಂತು. ಬಿರುಕು ಬಿಟ್ಟ ಅಣೆಕಟ್ಟೆಗಳ ಚಿಂತೆಯಲ್ಲಿದ್ದ ಲೆಸ್ಲಿ ಮತ್ತು ಚೀಸ್‌ಮನ್ 1949ರಲ್ಲಿ ತಮ್ಮ ಶಬ್ದಾತೀತ ತರಂಗದ ವಿಧಾನವನ್ನು ಪ್ರಕಟಿಸಿದರು. ಒಂದು ಮಗ್ಗುಲಲ್ಲಿ ಬಿಟ್ಟ ಕಂಪನ ಇನ್ನೊಂದು ಮಗ್ಗುಲನ್ನು ಎಷ್ಟು ಹೊತ್ತಿಗೆ ತಲುಪಿತು ಎಂದು ಅಳೆಯುವುದು. ಬಿರುಕು, ಟೊಳ್ಳು ಅಡ್ಡ ಬಂದರೆ ಅದು ಬಳಸಿಕೊಂಡು ಬರಬೇಕು, ತಡವಾಗುತ್ತದೆ. ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ಹೆಚ್ಚು ವೇಗವಿದ್ದರೆ ಕಾಂಕ್ರೀಟು ಅತ್ಯುತ್ತಮ, 3ಕ್ಕಿಂತ ಕಡಿಮೆಯಾದರೆ ಸಂಶಯಾಸ್ಪದ ಎಂದು ನಮ್ಮ 1992ರ ಮಾನಕ ಗೆರೆ ಎಳೆದಿತ್ತು. ಇಲ್ಲೂ ಒಂದು ಮೋಸವುಂಟು. ಉಕ್ಕಿನಲ್ಲಿ ಕಂಪನದ ಓಟ ಇನ್ನೂ ಜೋರು. ಸರಳಿನ ಗುಂಟ ಅಳೆದರೆ ಕೆಟ್ಟ ಕಾಂಕ್ರೀಟೂ ಒಳ್ಳೆಯದಾಗಿ ಕಂಡೀತು.

ಇವೆರಡಕ್ಕೂ ಸಿಕ್ಕದ ರೋಗವೆಂದರೆ ಸರಳಿನ ತುಕ್ಕು. ತುಕ್ಕು ಹಿಡಿದ ಉಕ್ಕು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪುನೀರಿನ ಮೇಲೆ 1929ರಲ್ಲಿ ತೆರೆದ ಸ್ಯಾನ್ ಮಟೇಯೊ-ಹೇವರ್ಡ್ ಸೇತುವೆಗೆ ಇದೇ ಗತಿಯಾಯಿತು. ಅದನ್ನು 1950ರ ದಶಕದಲ್ಲಿ ಅಭ್ಯಸಿಸಿದ ರಿಚರ್ಡ್ ಸ್ಟ್ರಾಟ್‌ಫುಲ್, ಸರಳಿಗೆ ತಂತಿ ಜೋಡಿಸಿ ಮೇಲ್ಮೈಯಿಂದಲೇ ವಿದ್ಯುತ್ ವಿಭವ ಅಳೆಯುವ ಕ್ರಮವನ್ನು ಬೆಳೆಸಿದರು. ಮೈಲುತುತ್ತದ ದ್ರಾವಣದಲ್ಲಿಟ್ಟ ತಾಮ್ರದ ಕಡ್ಡಿಯ ಎದುರು ಅಳತೆ ಋಣ 350 ಮಿಲಿವೋಲ್ಟನ್ನೂ ಮೀರಿ ಇಳಿದರೆ ಅಲ್ಲಿ ತುಕ್ಕು ನಡೆದಿರುವ ಸಂಭವ ಶೇಕಡಾ 90ಕ್ಕೂ ಹೆಚ್ಚು. ಎಷ್ಟು ಉಕ್ಕು ಸವೆದಿದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಹೀಗಾಗಿ ಹಳೆಯ ಕಟ್ಟಡದ ಪರೀಕ್ಷೆಗೆ ಬಂದವರು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ಬಡಿಯುತ್ತಾರೆ, ಕೇಳುತ್ತಾರೆ, ಅಳೆಯುತ್ತಾರೆ. ಆಮೇಲೆ ಎರಡು ಮೂರು ಕಡೆ ಕೊರೆದು ಕಾಂಕ್ರೀಟಿನ ತಿರುಳನ್ನು ಹೊರತೆಗೆದು, ಅದನ್ನು ಯಂತ್ರದಲ್ಲಿ ಒಡೆದು, ಆ ಅಂಕಿಯೊಡನೆ ತಮ್ಮ ಅಂಕಿಗಳನ್ನು ತಾಳೆ ನೋಡುತ್ತಾರೆ. ಕೊರೆದ ತೂತಿಗೆ ಗಾರೆ ತುಂಬಿ ಮುಚ್ಚುತ್ತಾರೆ.