ಹಿಪೊಕ್ಯಾಂಪಸ್
ಮುಂದೆ ಕುದುರೆ, ಹಿಂದೆ ಮೀನು: ಗ್ರೀಕ್ ಪುರಾಣದ ಈ ಪ್ರಾಣಿಯ ಹೆಸರೇ ಹಿಪೊಕ್ಯಾಂಪಸ್. 'ಹಿಪೊಸ್' ಎಂದರೆ ಕುದುರೆ, 'ಕಾಂಪೊಸ್' ಎಂದರೆ ಕಡಲ ದೈತ್ಯಪ್ರಾಣಿ. ಅದೇ ಹೆಸರು ಪುಟ್ಟ ಕಡಲಕುದುರೆಗೂ ಬಂತು. ಆ ಹೆಸರನ್ನು ಮಿದುಳಿನೊಳಕ್ಕೆ ತಂದವನು ಬೊಲೋನ್ಯದ ಅಂಗರಚನಾ ತಜ್ಞ ಜೂಲಿಯೊ ಚೆಸಾರೆ ಅರಾಂಜಿ, 1587ರಲ್ಲಿ. ಮಿದುಳಿನ ಆಳದಲ್ಲಿ, ಎರಡೂ ಬದಿಯಲ್ಲಿ ಬಾಗಿ ಮಲಗಿರುವ ಆ ಭಾಗ ಅವನಿಗೆ ಕಡಲಕುದುರೆಯಂತೆ ಕಂಡಿತು. ರೇಷ್ಮೆಹುಳುವಿನಂತಿದೆ ಎಂದೂ ಬರೆದ. ಹುಳುವೇ ಗೆದ್ದಿದ್ದರೆ ರೇಷ್ಮೆಯ ಊರಾದ ರಾಮನಗರದವರಿಗೆ ವಿವರಿಸುವುದು ಸುಲಭವಾಗುತ್ತಿತ್ತು! 18ನೇ ಶತಮಾನದಲ್ಲಿ ಟಗರಿನ ಕೊಂಬು ಎಂದವರೂ ಇದ್ದರು.

ಈಗ ಈ ಪದ ಎಂಆರ್‌ಐ ವರದಿಗಳಲ್ಲಿ ಸಿಗುತ್ತದೆ, ಹಲವು ಸಲ 'ಅಟ್ರೋಫಿ', ಅಂದರೆ ಸೊರಗುವಿಕೆ, ಎಂಬ ಮಾತಿನ ಜೊತೆ. ಹೊಸ ನೆನಪು ಕಟ್ಟುವ ಈ ಭಾಗ ಅಲ್ಜೈಮರ್ ಕಾಯಿಲೆಯಲ್ಲಿ ಬೇಗನೆ ಕುಗ್ಗುತ್ತದೆ. ಹಾಗಾಗಿ ಅದರ ಗಾತ್ರ ಅಳೆಯುತ್ತಾರೆ. ಆದರೆ ವಯಸ್ಸು, ತಲೆಬುರುಡೆಯ ಗಾತ್ರ ನೋಡದೆ ಬರೀ ಅಂಕಿ ಓದಿ ಗಾಬರಿಯಾಗಬೇಕಿಲ್ಲ. ಖಿನ್ನತೆ, ಅಪಸ್ಮಾರಗಳಲ್ಲೂ ಅದು ಚಿಕ್ಕದಾಗಿರಬಹುದು. ಗಾತ್ರದ ವ್ಯತ್ಯಾಸಕ್ಕೆ ಕಾಯಿಲೆಯೇ ಬೇಕಿಲ್ಲ. ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿದ ಲಂಡನ್ ಟ್ಯಾಕ್ಸಿ ಚಾಲಕರ ಹಿಪೊಕ್ಯಾಂಪಸ್ ಬಗ್ಗೆ 2000ದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು: ಇತರರಿಗೆ ಹೋಲಿಸಿದರೆ ಅದರ ಹಿಂಭಾಗ ದೊಡ್ಡದಿತ್ತು, ಮುಂಭಾಗ ಚಿಕ್ಕದಿತ್ತು.