ಎಚ್‌ಎಂಎಸ್ ವಿಕ್ಟರಿ: ಹಡಗಿನೊಳಗಿನ ಬದುಕು

ಎಚ್‌ಎಂಎಸ್ ವಿಕ್ಟರಿ ಬ್ರಿಟಿಷ್ ನೌಕಾಪಡೆಯ ಮೊದಲ ದರ್ಜೆಯ ಹಾಯಿ ಯುದ್ಧನೌಕೆ. 1759ರಲ್ಲಿ ಚಾಥಮ್‌ನಲ್ಲಿ ಕಟ್ಟಲು ತೊಡಗಿ 1765ರಲ್ಲಿ ನೀರಿಗಿಳಿಸಿದರು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಅಡ್ಮಿರಲ್ ನೆಲ್ಸನ್ ಕೊನೆಯುಸಿರೆಳೆದದ್ದು ಇದರಲ್ಲೇ. 1922ರಿಂದ ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿದೆ. ಟ್ರಫಾಲ್ಗರ್ ಕದನ ಮುಗಿದದ್ದು ಕೆಲವೇ ತಾಸುಗಳಲ್ಲಿ. ಹಡಗಿನಲ್ಲಿದ್ದ ಸುಮಾರು 820 ಮಂದಿಯ ಉಳಿದ ಕಾಲವೆಲ್ಲ ಕಾವಲು, ತಿಕ್ಕಿ ತೊಳೆಯುವುದು, ಹಾಯಿ ಏರಿಸಿ ಇಳಿಸುವುದರಲ್ಲೇ ಹೋಗುತ್ತಿತ್ತು.

ಫಿರಂಗಿ ಅಂತಸ್ತಿನ ಉದ್ದ 186 ಅಡಿ. ಫಿರಂಗಿಗಳಿರುವಲ್ಲೇ ಊಟ, ಅಲ್ಲೇ ನಿದ್ದೆ. ತೊಲೆಗೆ ಕಟ್ಟಿದ ಜೋಲಿಗೆ ನಿಗದಿಯಾದ ಅಗಲ ಬರೀ 14 ಅಂಗುಲ. ಅರ್ಧದಷ್ಟು ಜನ ರಾತ್ರಿ ಪಾಳಿಯಲ್ಲಿರುತ್ತಿದ್ದುದರಿಂದ ಪಕ್ಕದ ಜಾಗ ತೆರವಾಗಿ ಮೈ ಹೊರಳಿಸಲು ಆಗುತ್ತಿತ್ತು. ಅಡ್ಮಿರಲ್‌ನ ಕೋಣೆ ವಿಶಾಲವೇನೋ ನಿಜ, ಆದರೆ ಕಾಳಗದ ಕರೆ ಬಂದರೆ ಅದರ ಮರದ ಗೋಡೆಗಳನ್ನೂ ಕಳಚಿ, ಪೀಠೋಪಕರಣ ಸಾಗಿಸಿ ಫಿರಂಗಿಗೆ ದಾರಿ ಬಿಡಬೇಕಿತ್ತು.

ನಾವಿಕನ ನಿಜವಾದ ಮನೆಯೆಂದರೆ ಅವನ ಪಂಕ್ತಿ. ಎರಡು ಫಿರಂಗಿಗಳ ನಡುವೆ ತೂಗುಹಾಕಿದ ಮೇಜಿನ ಸುತ್ತ ನಾಲ್ಕರಿಂದ ಎಂಟು ಜನ ಒಟ್ಟಿಗೆ ಉಣ್ಣುತ್ತಿದ್ದರು. ಸರದಿಯಂತೆ ಒಬ್ಬ ಎಲ್ಲರ ಪಡಿ ತಂದು, ಅಡುಗೆಮನೆಯ ಕಬ್ಬಿಣದ ಒಲೆಯಲ್ಲಿ ಬೆಂದದ್ದನ್ನು ಬಡಿಸುತ್ತಿದ್ದ. ಮಾತುಮಾತಿಗೂ ಅಪ್ಪಣೆಗೆ ತಲೆಬಾಗಬೇಕಾದ ಆ ಲೋಕದಲ್ಲಿ ಯಾರ ಜೊತೆ ಉಣ್ಣಬೇಕೆಂಬುದು ಮಾತ್ರ ಅವನ ಇಷ್ಟ. ಹೊಂದಿಕೆಯಾಗದಿದ್ದರೆ ತಿಂಗಳ ಮೊದಲಿಗೆ ಪಂಕ್ತಿ ಬದಲಿಸಬಹುದಿತ್ತು.

ದಿನಕ್ಕೆ ಒಂದು ಪೌಂಡ್ ಗಟ್ಟಿ ಬಿಸ್ಕೆಟ್, ಒಂದು ಗ್ಯಾಲನ್ ಬಿಯರ್; ಬಿಯರ್ ಮುಗಿದರೆ ದ್ರಾಕ್ಷಾರಸ ಅಥವಾ ನೀರು ಬೆರೆಸಿದ ರಮ್. ವಾರದಲ್ಲಿ ನಾಲ್ಕು ದಿನ ಉಪ್ಪು ಹಾಕಿದ ಮಾಂಸ, ಮೂರು ದಿನ ಬಟಾಣಿ, ಓಟ್ಸ್ ಗಂಜಿ, ಬೆಣ್ಣೆ, ಚೀಸು. ಈ ಮಾಂಸವಿಲ್ಲದ ದಿನಗಳಿಗೆ ನಾವಿಕರು ಮಾಂಸ ತಿನ್ನದ ನಮ್ಮ ಬನಿಯಾ ವರ್ತಕರ ಹೆಸರಿಟ್ಟಿದ್ದರು. 1795ರ ಬಳಿಕ ನಿಂಬೆರಸ ಕೊಡತೊಡಗಿದ ಮೇಲೆ ಸ್ಕರ್ವಿ ರೋಗ ತಗ್ಗಿತು. ಉಗ್ರಾಣದ ಅಧಿಕಾರಿಯೆಂದರೆ ಎಲ್ಲರಿಗೂ ಅನುಮಾನ. ಅವನ ಪೌಂಡಿಗೆ 16ರ ಬದಲು 14 ಔನ್ಸು ಮಾತ್ರ. 1797ರಲ್ಲಿ ಸ್ಪಿಟ್‌ಹೆಡ್‌ನಲ್ಲಿ ನಾವಿಕರು ಎದ್ದ ಬಂಡಾಯದ ಬಳಿಕವಷ್ಟೇ ತೂಕ ಸರಿಹೋಯಿತು. ಆದರೂ ನೆಲ್ಸನ್ ಸಾಯುವಾಗ ಹೆಗಲಿಗೆ ಆಸರೆ ಕೊಟ್ಟವರಲ್ಲಿ ವಿಕ್ಟರಿಯ ಉಗ್ರಾಣಾಧಿಕಾರಿ ವಾಲ್ಟರ್ ಬರ್ಕ್ ಕೂಡ ಒಬ್ಬ.

ಸಿಬ್ಬಂದಿಯಲ್ಲಿ ಇಂಗ್ಲಿಷರದೇ ಬಹುಮತ. ಐರಿಷ್, ಸ್ಕಾಟಿಷ್, ವೆಲ್ಷ್ ಜನರಲ್ಲದೆ ಅಮೆರಿಕನ್ನರು, ಡಚ್ಚರು, ಸ್ವೀಡನ್ನಿನವರು, ಶತ್ರುದೇಶ ಫ್ರಾನ್ಸಿನವರೂ ಇದ್ದರು. ಹಲವರು ಬಲವಂತದ ಭರ್ತಿಯಿಂದ ಬಂದವರು. ಹನ್ನೆರಡರ ಬಾಲಕರೂ ದುಡಿಯುತ್ತಿದ್ದರು. ಕುಡಿದು ತಪ್ಪಿದರೆ, ಕಾವಲಿನಲ್ಲಿ ನಿದ್ದೆಹೋದರೆ ಸಿಬ್ಬಂದಿಯೆಲ್ಲರ ಎದುರು ಒಂಬತ್ತು ಎಳೆಗಳ ಚಾಟಿಯ ಏಟು ಬೀಳುತ್ತಿತ್ತು.